ಕಲ್ಲಿಗೆ ಕಿವಿ

ಠಣ್! ಏಕನಾಥನ ಗುದ್ದಲಿ ಮೂರನೆಯ ಸಲವೂ ಪುಟಿಯಿತು. ಕುಣಿ ಇನ್ನೂ ಮೊಣಕಾಲುದ್ದ, ಕೆಳಗೆ ಹಾಸುಬಂಡೆ.

"ಆಗೂದಿಲ್ಲ ಕಾಶಿರಾಮಣ್ಣ. ಹಳ್ಳದ ದಂಡೀಗಿ ತೋಡೋಣು, ಅಲ್ಲಿ ಮಣ್ಣ ಮೆತ್ತಗದ."

ಹೆಂಡತಿ ಸುಂದರಬಾಯಿಯ ಚಟ್ಟದ ಪಕ್ಕ ಕೂತಿದ್ದ ಕಾಶಿರಾಮ ಹೂಂ ಎಂದು ತಲೆಯಾಡಿಸಿದ. ಹೆಂಗಸರೆಲ್ಲ ಸ್ಮಶಾನದ ಗಡಿಯ ಬೇವಿನ ಮರದ ಕೆಳಗೇ ನಿಂತಿದ್ದರು. ಅದನ್ನು ದಾಟುವ ವಾಡಿಕೆಯಿಲ್ಲ. ಮಗಳು ವರ್ಷಾ ಅಲ್ಲಿಂದಲೇ ಕೂಗಿದಳು.

"ಬ್ಯಾಡ ಅಪ್ಪಾ! ಅಲ್ಲಿ ಮಳಿಗಾಲದಾಗ ನೀರ ನಿಲ್ತದ. ಅವ್ವ ಜಲ್ಮಪೂರ್ತಿ ಕಲ್ಲಿನ ಖಣಿ ನೀರಾಗ ನಿಂತಾಳ. ಈಗರ ಒಣಾ ಜಾಗಾದಾಗ ಮಲಗಲಿ."

"ಹೊತ್ತ ಮುಳಗಾಕತ್ತದವ್ವ," ಎಂದ ಏಕನಾಥ.

ಹದಿನೈದು ವರ್ಷ ಸುಂದರಬಾಯಿಯ ಜೋಡಿ ಖಣಿಯಲ್ಲಿ ಕಲ್ಲು ಒಡೆದು ಖಡಿ ಮಾಡಿದ ಮುನ್ನಿ ಬೀ ಸೆರಗಿನಿಂದ ಮೂಗೊರೆಸಿದಳು. "ಸುಂದರಾ ಕಲ್ಲಿಗಿ ಕಿವಿ ಹಚ್ಚಿದ್ರ ಹುಮನಾಬಾದ ಬಸ್ಸ ದುಬಲಗುಂಡಿ ಬಿಟ್ಟದ್ದು ಕೇಳಸ್ತಿತ್ತು!"

"ಬಸ್ಸೇನು, ಕಂಡಕ್ಟರ ಯಾರಿಗಿ ಬಯ್ಯಾಕತ್ತಾನ ಅದೂ ಹೇಳ್ತಿದ್ಳು," ಎಂದಳು ಖಣಿಯ ಇನ್ನೊಬ್ಬ ಗೆಳತಿ ರುಕ್ಮಿಣಿಬಾಯಿ.

ಕಾಶಿರಾಮನೂ ನಕ್ಕುಬಿಟ್ಟ.

*

ಹತ್ತು ವರ್ಷದವಳಿದ್ದಾಗ ವರ್ಷಾ ರಜೆಯಲ್ಲಿ ಅವ್ವನ ಜೋಡಿ ಖಣಿಗೆ ಹೋಗಿ, ಕಲ್ಲು ಬಡಿದು ಬಡಿದು ಅತ್ತಿದ್ದಳು.

"ಸಿಟ್ಟೀಲಿ ಹೊಡದ್ರ ಒಡಿಯೂದಿಲ್ಲ ಕೂಸಾ. ಮೊದಲ ಸುತ್ತ ಬಡದ ಕೇಳು. ಗಟ್ಟಿ ಇದ್ದಲ್ಲಿ ಠಣ್ ಅಂತದ. ಬಿರುಕಿನ ಎಳಿ ಬಿಟ್ಟಲ್ಲಿ ಬೊದ್ ಅಂತದ. ಅಲ್ಲಿ ಹೊಡಿ," ಎಂದಿದ್ದಳು ಸುಂದರಬಾಯಿ.

ಕಾಶಿರಾಮನಿಗೆ ಹಳ್ಳಿಖೇಡದ ಕಬ್ಬು ಕಡಿಯುವ ಕೆಲಸ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಸುಂದರಬಾಯಿ ಚೌಕವಾಗಿ ಒಟ್ಟಿದ ಖಡಿಯನ್ನು ಬೆಳಿಗ್ಗೆ ಟ್ರ್ಯಾಕ್ಟರಿನವರು ಅಳೆದು ಒಯ್ಯಬೇಕು; ಟ್ರ್ಯಾಲಿ ತುಂಬಿದ ದಿನ ಮನೆಯಲ್ಲಿ ರೊಟ್ಟಿ, ತುಂಬದ ದಿನ ಅಂಬಲಿ.

*

ವರ್ಷಾ ಬೇವಿನ ನೆರಳು ದಾಟಿದಳು. ಚಟ್ಟದ ತಲೆದೆಸೆಗಿಟ್ಟಿದ್ದ ಅವ್ವನ ಸುತ್ತಿಗೆ ಎತ್ತಿಕೊಂಡಳು. ಏಕನಾಥ ಬಾಯಿ ತೆರೆದ.

"ಬರ್ಲಿ ಬಿಡೋ," ಎಂದ ಕಾಶಿರಾಮ. "ನಿನ್ನ ಕೈಲಿ ಆಗವಲ್ದಲ್ಲ."

ಅವಳು ಕುಣಿಗಿಳಿದು ಬಂಡೆಗೆ ಕಿವಿಯಿಟ್ಟಳು. ಠಣ್. ಠಣ್. ಮೂಲೆಯಲ್ಲಿ, ಬೊದ್.

"ಮುನ್ನಿ ಚಾಚಿ, ಇಲ್ಲಿ! ಹಾರಿ ತರ್ರಿ!"

ಮುನ್ನಿ ಬೀ ಬಂದಳು. ಅವಳ ಹಿಂದೆ ಖಣಿಯ ಹೆಂಗಸರೆಲ್ಲ ಬಂದರು. ಬಂಡೆ ಸೀಳಿತು. ಸೂರ್ಯ ಮುಳುಗುವ ಮೊದಲೇ ಕುಣಿ ಎದೆಯುದ್ದವಾಯಿತು. ಸುಂದರಬಾಯಿಯನ್ನು ಇಳಿಸಿ, ಸುತ್ತಿಗೆಯನ್ನು ಬಲಗೈ ಬಳಿ ಇಟ್ಟು, ಮಣ್ಣು ಕೊಟ್ಟರು.

ಎಲ್ಲರೂ ಹೋದ ಮೇಲೆ ಗುದ್ದಲಿ ಮರೆತಿದ್ದ ಏಕನಾಥ ತಿರುಗಿ ಬಂದ. ಗೋರಿಯ ಪಕ್ಕದಲ್ಲಿ ಕುಣಿಯಿಂದ ತೆಗೆದ ಕಲ್ಲುಗಳಿದ್ದವು. ಅಳುತ್ತ, ಮಾತಾಡುತ್ತ, ಹೆಂಗಸರು ಮಣ್ಣು ಕೊಡುವ ಮೊದಲು ಸುಂದರಬಾಯಿಯ ಸುತ್ತಿಗೆಯಿಂದಲೇ ಅವನ್ನೆಲ್ಲ ಮುಷ್ಟಿ ಗಾತ್ರಕ್ಕೆ ಒಡೆದು ಚೌಕವಾಗಿ ಒಟ್ಟಿದ್ದರು. ಮೇಲೆ ಸಪಾಟು ಮಾಡಿ, ಮೂಲೆಗಳನ್ನು ಕೈಯಿಂದ ಒತ್ತಿ ನೇರ ಮಾಡಿದ್ದರು, ಬೆಳಗಾದರೆ ಟ್ರ್ಯಾಕ್ಟರ್ ಬರುತ್ತದೆ ಎನ್ನುವಂತೆ.