ಊಟದ ಮೇಜಿನ ಬಹುಮತ

ನಮ್ಮ ಮನೆಯಲ್ಲಿ ಪ್ರಜಾಪ್ರಭುತ್ವವಿತ್ತು. ಮಾವನವರೇ ತಂದದ್ದು. ಗೋಡೆಗೆ ಯಾವ ಬಣ್ಣ, ಫ್ರಿಜ್ ಯಾವಾಗ ಬದಲಿಸಬೇಕು, ಎಲ್ಲವೂ ಭಾನುವಾರ ಊಟಕ್ಕೆ ಕೂತಾಗ ಕೈ ಎತ್ತಿ ತೀರ್ಮಾನವಾಗುತ್ತಿತ್ತು. ಮೊದಲು ಅವರು ಎತ್ತುತ್ತಿದ್ದರು, ಆಮೇಲೆ ಉಳಿದವರು. ಹೀಗಾಗಿ ತೀರ್ಮಾನಗಳೆಲ್ಲ ಸರ್ವಾನುಮತದವು.

ನನ್ನ ಗಂಡ ತೀರಿಕೊಂಡ ಮೇಲೆ ಅವನ ಕುರ್ಚಿಯನ್ನು ಯಾರೂ ತೆಗೆಯಲಿಲ್ಲ. ಮತವನ್ನೂ ತೆಗೆಯಲಿಲ್ಲ. ಮಾವ ಬಲಗೈ ಎತ್ತಿ, "ಇದು ನಂದು" ಎನ್ನುವರು. ಎಡಗೈ ಎತ್ತಿ, "ಇದು ಅವನದು." ಅತ್ತೆ ಕಣ್ಣೊರೆಸಿಕೊಳ್ಳುವರು. ಬದುಕಿದ್ದಾಗ ಅವನು ಒಮ್ಮೆಯೂ ಅಪ್ಪನ ವಿರುದ್ಧ ಕೈ ಎತ್ತಿದವನಲ್ಲ. ಆದ್ದರಿಂದ ಇದನ್ನು ಮೋಸ ಎನ್ನಲೂ ಬರುವುದಿಲ್ಲ.

ನನಗೆ ಬೇರೆ ಊರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಸೇರಬೇಕು, ಇಲ್ಲದಿದ್ದರೆ ಅದು ಮತ್ತೊಬ್ಬರಿಗೆ. ಭಾನುವಾರ ವಿಷಯ ಮೇಜಿಗೆ ಬಂತು.

"ಅಲ್ಲಮ್ಮ, ಇಲ್ಲಿ ನಿಂಗೇನು ಕಮ್ಮಿಯಾಗಿದೆ?" ಎಂದರು ಮಾವ.

"ಏನೂ ಇಲ್ಲ."

"ಮತ್ತೆ?"

"ಹೋಗ್ಬೇಕು ಅನ್ಸಿದೆ."

"ಅನ್ಸೋದೆಲ್ಲ ಕಾರಣ ಆಗುತ್ತಾ? ಇರ್ಲಿ, ನಾನೇನು ಸರ್ವಾಧಿಕಾರಿ ಅಲ್ಲ. ಬೇಡ ಅನ್ನೋರು ಕೈ ಎತ್ತಿ."

ಅವರ ಬಲಗೈ, ಎಡಗೈ. ಮೈದುನನ ಕೈಯೂ ಮೇಲೆ ಹೋಯಿತು, ಬಾಯಲ್ಲಿ ತುತ್ತಿತ್ತು.

"ಹೋಗ್ಲಿ ಅನ್ನೋರು?"

ನಾನು ಎತ್ತಿದೆ. ಪಕ್ಕದಲ್ಲಿ ವಾರಗಿತ್ತಿಯೂ ಎತ್ತಿದಳು. ಮೈದುನ ಹೆಂಡತಿಯನ್ನು ದುರುಗುಟ್ಟಿ ನೋಡಿದ.

"ಏನ್ ನೋಡ್ತೀರಾ? ಅಕ್ಕನ ರೂಮಿಗೆ ಬಿಸಿಲು ಬರುತ್ತೆ. ನಮ್ದರ ಗೋಡೆಗೆ ಬೂಷ್ಟು ಬರುತ್ತೆ."

ಆ ಮನೆಯಲ್ಲಿ ಇಷ್ಟು ಪ್ರಾಮಾಣಿಕ ಮತವನ್ನು ನಾನು ಕಂಡಿರಲಿಲ್ಲ.

ಉಳಿದವರು ಅತ್ತೆ. ಅವರು ಎದ್ದು ಬಂದು, ಮಾವನ ಎಡಗೈ ಹಿಡಿದು ಮೆಲ್ಲಗೆ ಮೇಜಿನ ಮೇಲೆ ಇಳಿಸಿದರು. "ಹೊತ್ತು ಹೆತ್ತೋಳು ನಾನು. ಅವನದ್ದು ನಾನ್ ಹಾಕ್ತೀನಿ." ತಮ್ಮ ಎರಡೂ ಕೈ ಎತ್ತಿದರು.

ಅವನು ನನ್ನ ಕಡೆ ಮತ ಹಾಕಿದ್ದು ಅದೇ ಮೊದಲು.

"ಹುಚ್ಚಾ ನಿಂಗೆ? ಸತ್ತೋರಿಗೆ ಎಲ್ಲಿಯ ಮತ ಕಣೇ?" ಎಂದರು ಮಾವ.

"ಅದನ್ನ ತೆಗೆದ್ರೂ ನೀವೇ ಸೋತ್ರಿ, ಮಾವ," ಎಂದಳು ವಾರಗಿತ್ತಿ.

"ನೀನು ಸುಮ್ನಿರು," ಎಂದ ಮೈದುನ.

ಮಾವ ಕೈ ತೊಳೆದು ಬಂದರು. "ಸಭೆಯನ್ನು ಮುಂದಿನ ಭಾನುವಾರಕ್ಕೆ ಮುಂದೂಡಲಾಗಿದೆ."

ನಾನು ರೂಮಿಗೆ ಹೋಗಿ ಬಟ್ಟೆ ತುಂಬಿಕೊಂಡೆ. ಹೊಸ್ತಿಲಲ್ಲಿ ಅಭ್ಯಾಸಬಲದಿಂದ ನಿಂತೆ. ಯಾರೂ ಅಡ್ಡ ಬರಲಿಲ್ಲ. ಬಾಗಿಲಿಗೆ ಬೀಗವೂ ಇರಲಿಲ್ಲ, ಎಂದೂ ಇದ್ದದ್ದಿಲ್ಲ. ಜನ ಒಪ್ಪಿಕೊಂಡ ಬಲವೇ ಅಧಿಕಾರ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವಳು ನಾನು. ಆ ಜನರಲ್ಲಿ ನಾನೂ ಒಬ್ಬಳೆಂದು ಹೊಳೆದಿರಲಿಲ್ಲ.

ಗೇಟು ದಾಟುವಾಗ ಎದುರುಮನೆಯ ದರ್ಜಿ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. "ಏನ್ ಸಾರ್, ಸೊಸೆ ಎಲ್ಲಿಗೋ ಹೊರಟಂಗಿದೆ?"

ಮಾವ ಮೆಟ್ಟಿಲ ಮೇಲಿದ್ದರು. ಒಂದು ಗಳಿಗೆ ನನ್ನನ್ನು ನೋಡಿದರು.

"ನಾನೇ ಕಳಿಸ್ತಿದೀನಿ ಕಣಯ್ಯ, ಕಾಲೇಜಿಗೆ," ಎಂದರು. ಆಮೇಲೆ ದನಿ ಏರಿಸಿದರು. "ನಿಂತ್ಕೊಂಡು ಏನ್ ನೋಡ್ತಿದೀಯಾ? ಹೊರಡು, ಬಸ್ಸು ತಪ್ಪುತ್ತೆ!"

"ಸರಿ, ಮಾವ," ಎಂದೆ.