ಸಾಲು ಎತ್ತಿಕೊಡುವವಳು

ದೊಡ್ಡಮ್ಮ ಬಾಯಿ ತೆರೆದರೆ ಊರಿನ ಚರ್ಚಿನ ಪಾರಿವಾಳಗಳು ಗೂಡು ಬಿಟ್ಟೇಳುತ್ತವೆ ಎಂದು ಅವಳ ತಂಗಿಯ ಮಗಳು ಹೇಳಿಕೊಂಡು ತಿರುಗುತ್ತಿದ್ದಳು. ಈ ಮಗಳಿಗೆ ಮನೆಯಲ್ಲಿ ಚಟಾಕಿ ಎಂದೇ ಹೆಸರು. ಇಬ್ಬರೂ ಈಗ ಪರದೇಶ ಸುತ್ತಲು ಬಂದಿದ್ದರು. ದೊಡ್ಡಮ್ಮನ ಮನಸ್ಸು ಮಾತ್ರ ವಿಮಾನ ಹತ್ತದೆ ಊರಲ್ಲೇ ಉಳಿದಿತ್ತು.

ಆದದ್ದಿಷ್ಟು. ಅವರ ಚರ್ಚಿನಲ್ಲಿ ಕೀರ್ತನೆಯ ಪ್ರತಿ ಚರಣದ ಮೊದಲ ಸಾಲನ್ನು ಒಬ್ಬರು ಎತ್ತಿಕೊಡಬೇಕು, ಆಮೇಲೆ ಸಭೆ ಹಿಡಿಯಬೇಕು. ಅಕ್ಷರ ಬಾರದವರೇ ಹೆಚ್ಚಿದ್ದ ಕಾಲದ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ಆ ಕೆಲಸ ದೊಡ್ಡಮ್ಮನದು. ಮೊನ್ನೆ ಹೊಸ ಕ್ವಾಯರ್ ಮೇಷ್ಟ್ರು ಕೀಬೋರ್ಡಿನ ಹಿಂದಿನಿಂದ ತಲೆಯೆತ್ತಿ, "ಅಮ್ಮಾ, ನೀವು ರಾಗ ಎಳೀತೀರಿ. ಸ್ವಲ್ಪ ದಿನ ಸಭೇಲಿ ಕೂತ್ಕೊಳ್ಳಿ" ಎಂದುಬಿಟ್ಟಿದ್ದರು. ಹಿಂತಿರುಗಿದ ಮೇಲೆ ತನ್ನ ಜಾಗದಲ್ಲಿ ನಿಲ್ಲುವುದೋ, ಮೂಲೆಯ ಬೆಂಚು ಹಿಡಿಯುವುದೋ, ಅದೊಂದೇ ಅವಳ ತಲೆ ಕೊರೆಯುತ್ತಿತ್ತು.

"ಎಳೆಯೋಕೆ ನಾನೇನು ಗಾಡೀನಾ?" ಎಂದಳು, ಭಾನುವಾರ ಬೆಳಗ್ಗೆ ಹೋಟೆಲಿನ ಮೆಟ್ಟಿಲಿಳಿಯುತ್ತ.

"ಗಾಡಿಯಾಗಿದ್ರೆ ಬ್ರೇಕ್ ಇರ್ತಿತ್ತು ದೊಡ್ಡಮ್ಮಾ." ಚಟಾಕಿ ಮೂಗು ಹಿಡಿದು ಮೇಷ್ಟ್ರ ದನಿ ತೆಗೆದಳು: "ತಾಳ ತಪ್ಪಿದ್ರೆ ನನ್ನ ತಾಳ್ಮೆ ತಪ್ಪುತ್ತೆ, ಅಮ್ಮಾ."

"ಥೇಟ್ ಅವನೇ. ಮುಚ್ಚು ಬಾಯಿ."

ಹಿಂದಿನ ಬೀದಿಯಲ್ಲೊಂದು ಕಲ್ಲಿನ ಚರ್ಚಿತ್ತು. ಜನ ಉದ್ದದ ಬೆಂಚಿನಲ್ಲಿ ಒಬ್ಬರಿಗೊಬ್ಬರು ಮುನಿಸಿಕೊಂಡವರಂತೆ ದೂರದೂರ ಕೂತಿದ್ದರು.

"ಹಿಂದೆ ಕೂರೋಣ. ಅವರು ಎದ್ದಾಗ ಎದ್ರಾಯ್ತು."

"ಏಳೋದು ಕೂರೋದು ನಂಗೆ ಯಾರೂ ಕಲಿಸ್ಬೇಕಾಗಿಲ್ಲ." ದೊಡ್ಡಮ್ಮ ತಲೆಗೆ ಸೆರಗೆಳೆದುಕೊಂಡು ಸೀದಾ ಮೊದಲ ಬೆಂಚಿಗೆ ನಡೆದಳು.

ಆರ್ಗನ್ ಶುರುವಾಯಿತು. ಭಾಷೆ ಬೇರೆ, ರಾಗ ಮಾತ್ರ ತನ್ನೂರಿನ ಕೀರ್ತನೆಯದೇ. ಜನ ನಿದ್ದೆಯ ಮಗು ಎಚ್ಚರವಾದೀತೆಂಬಂತೆ ಮೆಲ್ಲಗೆ ಹಾಡಿದರು. ಮೊದಲ ಚರಣ ಮುಗಿದು ಆರ್ಗನ್ ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಅಷ್ಟು ವರ್ಷದ ಅಭ್ಯಾಸ ಕೇಳಬೇಕಲ್ಲ, ದೊಡ್ಡಮ್ಮ ಎರಡನೇ ಚರಣದ ಸಾಲನ್ನು ಅಚ್ಚ ಕನ್ನಡದಲ್ಲಿ ಎತ್ತಿಕೊಟ್ಟೇಬಿಟ್ಟಳು.

ಆರ್ಗನ್ ನಿಂತಿತು. ಪಾದ್ರಿಯ ಕೈಯಲ್ಲಿ ಪುಸ್ತಕ ಅರ್ಧ ತೆರೆದಂತೆಯೇ ಉಳಿಯಿತು. ಚಟಾಕಿ ಬೆಂಚಿನಲ್ಲಿ ಕರಗಿದಳು. ತಾನೆಲ್ಲಿದ್ದೇನೆಂದು ದೊಡ್ಡಮ್ಮನಿಗೂ ಆಗಲೇ ನೆನಪಾದದ್ದು. ಆದರೆ ಎತ್ತಿದ ಸಾಲನ್ನು ನಡುವೆ ಕೆಳಗೆ ಹಾಕುವುದುಂಟೇ? ಪೂರ್ತಿ ಹಾಡಿದಳು, ಕೊನೆಯನ್ನು ಎಂದಿನಂತೆ ಎಳೆದಳು. ಸಭೆಗೆ ಬೆನ್ನು ಹಾಕಿ ಆರ್ಗನ್ ನುಡಿಸುತ್ತಿದ್ದ ಬೆಳ್ಳಿ ಕೂದಲಿನ ಹೆಂಗಸು ಎದುರಿಗಿದ್ದ ಪುಟ್ಟ ಕನ್ನಡಿಯಲ್ಲಿ ಇವಳನ್ನೇ ನೋಡುತ್ತ ಕಾದು, ದನಿ ಅಡಗಿದ ಮೇಲೆ ಬೆರಳೂರಿದಳು. ಸಭೆ ಹಿಡಿಯಿತು, ಈ ಸಲ ಗಂಟಲು ಬಿಟ್ಟು. ಉಳಿದ ಚರಣಗಳೂ ಹಾಗೆಯೇ ಸಾಗಿದವು.

ಆರಾಧನೆ ಮುಗಿದೊಡನೆ ಆ ಹೆಂಗಸು ಬಂದು ದೊಡ್ಡಮ್ಮನ ಕೈ ಕುಲುಕಿ ಚಟಾಕಿಯೊಡನೆ ಏನೇನೋ ಮಾತಾಡಿದಳು.

"ಚೆನ್ನಾಗಿತ್ತಂತೆ" ಎಂದಳು ಚಟಾಕಿ.

"ಅಷ್ಟುದ್ದ ಮಾತಾಡಿದ್ಲು, ನೀನು ಒಂದೇ ಪದ ಹೇಳ್ತೀಯಲ್ಲ. ಉಳಿದದ್ದೆಲ್ಲಿ?"

"ಸಾಲಿನ ಕೊನೇಲಿ ಎಳೀತೀಯಂತೆ."

"ಇವಳಿಗೂ ಅವನು ಫೋನ್ ಮಾಡಿದ್ನಾ?"

"ಪೂರ್ತಿ ಕೇಳು. ಎಳೆಯೋದು ತಪ್ಪಲ್ವಂತೆ. ಎಷ್ಟು ಅಂತ ಮೊದಲೇ ಗೊತ್ತಿದ್ರೆ ಅಷ್ಟು ಜಾಗ ಬಿಡ್ತಿದ್ರಂತೆ. ಇವತ್ತು ನಿನ್ನ ಬಾಯಿ ನೋಡ್ಕೊಂಡೇ ನುಡಿಸಬೇಕಾಯ್ತಂತೆ. 'ಊರಲ್ಲಿ ಅಭ್ಯಾಸಕ್ಕೆ ಕೂತಾಗ ಹೇಗೆ ಹೊಂದಿಸ್ಕೊಳ್ತೀರಿ' ಅಂತ ಕೇಳ್ತಿದಾರೆ."

ದೊಡ್ಡಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು. ಶನಿವಾರದ ಅಭ್ಯಾಸಕ್ಕೆ ಅವಳು ಒಂದು ದಿನವೂ ಹೋದವಳಲ್ಲ. ಅದು ಬಾರದವರಿಗೆ ಎಂದು ಬಿಟ್ಟಿದ್ದಳು. ಮೇಷ್ಟ್ರು ಬಂದ ಹೊಸದರಲ್ಲಿ ಮನೆತನಕ ಬಂದು ಕರೆದಾಗಲೂ ಮಂಡಿನೋವಿನ ನೆಪ ಹೇಳಿ ಕಳಿಸಿದ್ದಳು.

"ಚೆನ್ನಾಗೇ ಹೊಂದಿಸ್ಕೊಳ್ತೀವಿ ಅನ್ನು" ಎಂದಳು. ಹೊರಗೆ ಬಂದವಳೇ, "ಮೇಷ್ಟ್ರಿಗೆ ಫೋನ್ ಹಾಕು."

"ಏನಂತ ಹೇಳ್ಲಿ?"

"ನೀನೇನೂ ಹೇಳ್ಬೇಡ, ಕೊಡಿಲ್ಲಿ." ಫೋನ್ ಕಿತ್ತುಕೊಂಡಳು. "ಮೇಷ್ಟ್ರೇ, ಬರೋ ಶನಿವಾರದೊಳಗೆ ಊರಲ್ಲಿರ್ತೀನಿ, ಅಭ್ಯಾಸಕ್ಕೆ ಬರ್ತೀನಿ. ಸಾಲು ನಾನೇ ಎತ್ತಿಕೊಡೋದು. ಎಲ್ಲಿ ಎಷ್ಟು ಎಳೀತೀನಿ ಅಂತ ತೋರಿಸ್ತೀನಿ, ಅಷ್ಟು ಜಾಗ ಬಿಡಿ. ನಿಮಗೆ ತೀರಾ ಉದ್ದ ಅನ್ನಿಸಿದ ಕಡೆ ಹೇಳಿ, ಚಿಕ್ಕದು ಮಾಡ್ತೀನಿ." ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಹಿಂದೆ ಕೊಟ್ಟಳು.

"ಏನಂದ್ರು?"

"ಎಲ್ಲರಿಗಿಂತ ಮುಂಚೆ ಬನ್ನಿ, ಮೊದಲು ನಾವಿಬ್ಬರೇ ಕೂತು ನೋಡೋಣ ಅಂದ." ದೊಡ್ಡಮ್ಮ ರಸ್ತೆಯ ಎರಡೂ ಬದಿ ಕಣ್ಣಾಡಿಸಿದಳು. "ನಡಿ, ಹೊಟ್ಟೆಗೇನಾದ್ರೂ ಹಾಕೋಣ."