ಮನೆ ಟ್ಯೂಬು

ನಮ್ಮ ಲ್ಯಾಬಿನಲ್ಲಿ ಒಂದು ಕೆಟ್ಟ ಪದ್ಧತಿಯಿದೆ. ಕೆಟ್ಟದ್ದು ಎಂದು ಈಗ ಹೇಳುತ್ತಿದ್ದೇನೆ. ಹದಿನಾರು ವರ್ಷ ಅದನ್ನು ಸವಲತ್ತು ಎಂದುಕೊಂಡಿದ್ದೆ. ಕೆಲಸದವರ ಮನೆಯವರಿಗೆ ರಕ್ತಪರೀಕ್ಷೆ ಬೇಕಾದರೆ ಅವರು ಕೌಂಟರಿನ ಮುಂದೆ ಸಾಲು ನಿಲ್ಲುವುದಿಲ್ಲ, ಫಾರಂ ತುಂಬುವುದಿಲ್ಲ. ನಾವೇ ಮನೆಯಲ್ಲಿ ರಕ್ತ ತೆಗೆದು, ಟ್ಯೂಬನ್ನು ಕೈಚೀಲದಲ್ಲಿಟ್ಟು ತಂದು, ಯಂತ್ರ ನೆಟ್ಟಗಿದೆಯೇ ಎಂದು ನೋಡಲು ಬೆಳಿಗ್ಗೆ ಹಾಕುವ ಮಾದರಿಗಳ ಜೊತೆ ಸೇರಿಸಿಬಿಡುತ್ತೇವೆ. ಮುಚ್ಚಳದ ಮೇಲೆ ಪೆನ್ನಿನಲ್ಲಿ ಒಂದು ಅಡ್ಡಗೆರೆ, ಅಷ್ಟೆ. ಅದಕ್ಕೆ ‘ಮನೆ ಟ್ಯೂಬು’ ಎನ್ನುತ್ತೇವೆ. ಮೇಲಿನವರಿಗೂ ಗೊತ್ತು, ಅವರ ಮನೆಯ ಟ್ಯೂಬುಗಳೂ ಬರುತ್ತವೆ.

ಫಾರಂನಲ್ಲಿ ಹನ್ನೊಂದು ಪ್ರಶ್ನೆಗಳಿವೆ. ಹನ್ನೊಂದನೆಯದು: ‘ವಿಟಮಿನ್, ಕೂದಲಿನ ಮಾತ್ರೆ, ಉಗುರಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?’ ಅದನ್ನು ಸೇರಿಸಿದವಳು ನಾನೇ. ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ನಮ್ಮ ಯಂತ್ರವೂ ಹಾರ್ಮೋನನ್ನು ಹಿಡಿದು ಎಣಿಸಲು ಅದೇ ಬಯೋಟಿನ್ನನ್ನು ಅಂಟಿನ ಹಾಗೆ ಬಳಸುತ್ತದೆ. ರಕ್ತದಲ್ಲಿ ಆಗಲೇ ಅದು ತುಂಬಿಕೊಂಡಿದ್ದರೆ ಅಂಟುವ ಜಾಗವೆಲ್ಲ ಭರ್ತಿಯಾಗಿ ಎಣಿಕೆ ಹಾದಿ ತಪ್ಪುತ್ತದೆ. ಯಂತ್ರದ ಕಂಪನಿಯವರು ಕಳಿಸಿದ ಸುತ್ತೋಲೆಯನ್ನು ಇಡೀ ಲ್ಯಾಬಿನಲ್ಲಿ ಕೊನೆಯವರೆಗೆ ಓದಿದವಳು ನಾನೊಬ್ಬಳೇ. ಆ ಜಂಬ ನನಗೆ ಬಹಳ ದಿನ ಇತ್ತು.

ನನ್ನ ತಂಗಿ ನನಗಿಂತ ಏಳು ವರ್ಷ ಚಿಕ್ಕವಳು, ಹೆಂಗಸರ ಕೂದಲು ಕತ್ತರಿಸುವ ಪುಟ್ಟ ಅಂಗಡಿ ಇಟ್ಟಿದ್ದಳು. ನಾನು ಅವಳನ್ನು ‘ಕತ್ತರಿ’ ಎನ್ನುತ್ತಿದ್ದೆ, ಅವಳು ನನ್ನನ್ನು ‘ಸೂಜಿ’ ಎನ್ನುತ್ತಿದ್ದಳು. ಅಮ್ಮ ಇಲ್ಲದ ಮನೆಯಲ್ಲಿ ಅವಳ ಜಡೆ ಹೆಣೆದವಳು, ಶಾಲೆಗೆ ಬಿಟ್ಟವಳು, ಜ್ವರ ಬಂದರೆ ಬೈದವಳು ಎಲ್ಲ ನಾನೇ. ಮದುವೆಯಾಗಿ ಆರು ವರ್ಷಕ್ಕೆ ಬಸುರಿಯಾದಾಗ ಗಂಡನಿಗಿಂತ ಮೊದಲು ನನಗೆ ಹೇಳಿದಳು.

ಏಳನೇ ವಾರದಲ್ಲಿ ಒಂದು ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ. ಮುಖ ಊದಿಕೊಂಡಿತ್ತು, ಬಿಸಿಲಿದ್ದರೂ ಸ್ವೆಟರ್ ಹಾಕಿಕೊಂಡು ಕೂತಿದ್ದಳು.

“ನಿಂತಲ್ಲೇ ನಿದ್ದೆ ಬರತ್ತೆ ಅಕ್ಕ. ಅಂಗಡೀಲಿ ಗುಡಿಸಿದ್ರೆ ಗಿರಾಕಿಗಳ ಕೂದಲಿಗಿಂತ ನಂದೇ ಜಾಸ್ತಿ ಸಿಗತ್ತೆ.”

“ಬಸುರಿ ಅಂದ್ರೆ ಸುಮ್ನೇನಾ? ತೋಳು ಚಾಚು, ಥೈರಾಯ್ಡ್ ನೋಡಿಬಿಡ್ತೀನಿ.”

“ಆಸ್ಪತ್ರೇಲಿ ಮಾಡ್ತಾರಂತಲ್ಲ?”

“ಅಲ್ಲಿ ಕಲಿಯೋರು ನಾಲ್ಕು ಸಲ ಚುಚ್ತಾರೆ. ನಾನಿರುವಾಗ ಅಲ್ಲಿಗ್ಯಾಕೆ?”

ಮರುದಿನ ಅವಳ ಟ್ಯೂಬಿಗೆ ಅಡ್ಡಗೆರೆ ಎಳೆದು ಯಂತ್ರಕ್ಕೆ ಹಾಕಿದೆ. ಥೈರಾಯ್ಡ್ ಸೋಮಾರಿಯಾದರೆ ‘ಕೆಲಸ ಮಾಡೇ’ ಎಂದು ಮೆದುಳಿನ ಬುಡದಿಂದ ಬೈಗುಳ ಹೋಗುತ್ತದೆ. ಆ ಬೈಗುಳದ ಹೆಸರು ಟಿಎಸ್‌ಎಚ್. ಅದು ಜಾಸ್ತಿಯಿದ್ದರೆ ಗ್ರಂಥಿ ಸೋತಿದೆ ಎಂದರ್ಥ. ತಂಗಿಯದು ಎರಡು ಪಾಯಿಂಟ್ ಒಂದು ಬಂತು. ಕನ್ನಡಿಯಂಥ ಫಲಿತಾಂಶ. ‘ಎಲ್ಲಾ ಸರಿ ಇದೆ. ಸೋಮಾರಿತನಕ್ಕೆ ನಮ್ಮಲ್ಲಿ ಪರೀಕ್ಷೆ ಇಲ್ಲ’ ಎಂದು ಮೆಸೇಜು ಕಳಿಸಿದೆ. ಅವಳು ಅದನ್ನೇ ಆಸ್ಪತ್ರೆಯಲ್ಲಿ ತೋರಿಸಿದಳು. ಲ್ಯಾಬಿನ ಅಕ್ಕನೇ ಮಾಡಿದ ಮೇಲೆ ಮತ್ತೇಕೆ ಚುಚ್ಚುವುದೆಂದು ಅವರೂ ಬಿಟ್ಟರು.

ಏಳನೇ ತಿಂಗಳಲ್ಲಿ ಕಾಲು ಬಾತು, ಮಾತು ನಿಧಾನವಾಗಿ, ಕತ್ತರಿ ಹಿಡಿದ ಕೈ ಮರಗಟ್ಟತೊಡಗಿದಾಗ ಆಸ್ಪತ್ರೆಯವರು ತಾವೇ ರಕ್ತ ತೆಗೆದರು. ಅರವತ್ನಾಲ್ಕು ಬಂತು. ಎರಡು ಎಲ್ಲಿ, ಅರವತ್ನಾಲ್ಕು ಎಲ್ಲಿ! ಅಂದೇ ಮಾತ್ರೆ ಶುರುವಾಯಿತು. ‘ಆಮೇಲೆ ಹೀಗಾಗಿರಬೇಕು, ಶುರುವಿನಲ್ಲಿ ಸರಿಯಿತ್ತಲ್ಲ’ ಎಂದರು ಅಲ್ಲಿನವರು. ನಾನೂ ಹೂಂ ಎಂದೆ. ಆ ಹೊತ್ತಿನಲ್ಲಿ ನಿಜಕ್ಕೂ ಹಾಗೇ ನಂಬಿದ್ದೆ.

ಹೆರಿಗೆಗೆ ವಾರವಿರುವಾಗ ಅವಳ ಬಟ್ಟೆ ಜೋಡಿಸಲು ಹೋದೆ. ಕನ್ನಡಿಯ ಕೆಳಗಿನ ಖಾನೆಯಲ್ಲಿ ಬಾಚಣಿಗೆಗಳ ಹಿಂದೆ ಒಂದು ಡಬ್ಬಿ ಸಿಕ್ಕಿತು. ಕೂದಲಿನ ಮಾತ್ರೆ. ಬಯೋಟಿನ್, ಹತ್ತು ಮಿಲಿಗ್ರಾಂ.

“ಇದ್ಯಾವಾಗಿಂದೇ?”

“ಅಯ್ಯೋ ಅದಾ? ಅಂಗಡೀಲಿ ಮಾರ್ತೀನಲ್ಲ, ಅದೇ. ಕೂದಲು ಉದುರೋಕೆ ಶುರುವಾದಾಗ ದಿನಾ ಎರಡು ನುಂಗ್ತಿದ್ದೆ. ಐದನೇ ತಿಂಗಳಲ್ಲಿ ವಾಸನೆಗೆ ವಾಂತಿ ಬಂತು, ಬಿಟ್ಟೆ. ಯಾಕೆ?”

“ಏನಿಲ್ಲ.”

ಏನಿಲ್ಲವೇ? ಥೈರಾಯ್ಡ್ ಸೋತಿದ್ದರಿಂದ ಕೂದಲು ಉದುರುತ್ತಿತ್ತು. ಕೂದಲಿಗೆಂದು ನುಂಗಿದ ಮಾತ್ರೆ ಟಿಎಸ್‌ಎಚ್ ಎಣಿಕೆಯನ್ನು ಇಳಿಸಿ ತೋರಿಸಿ, ಸೋತ ಥೈರಾಯ್ಡನ್ನು ನನ್ನ ಯಂತ್ರದಿಂದ ಬಚ್ಚಿಟ್ಟಿತ್ತು. ಕೌಂಟರಿಗೆ ಬರುವ ಅಪರಿಚಿತರನ್ನೆಲ್ಲ ಕೇಳುವ ಪ್ರಶ್ನೆಯನ್ನು ಒಡಹುಟ್ಟಿದವಳನ್ನು ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಚಿಕ್ಕಂದಿನಿಂದ ಹೇಳುತ್ತ ಬಂದಿದ್ದೇನೆ, ಬೇರೆಯವರಿಗೆ. ಆ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಂದು ಬೀದಿಯ ತಿರುವಿನ ಕಸದ ತೊಟ್ಟಿಗೆ ಎಸೆದೆ. ಇದನ್ನು ಮಾತ್ರ ಭಯದಿಂದಲೇ ಮಾಡಿದೆ, ತಿಳಿದೇ ಮಾಡಿದೆ.

ಹೆಣ್ಣು ಮಗು ಹುಟ್ಟಿತು. ಹಿಮ್ಮಡಿ ಚುಚ್ಚಿ ಥೈರಾಯ್ಡ್ ನೋಡಿದರು, ಸರಿಯಿತ್ತು. ಎಲ್ಲರೂ ಕುಣಿದಾಡಿದರು. ಆ ಪರೀಕ್ಷೆ ಹೇಳುವುದು ಮಗುವಿನ ಸ್ವಂತ ಗ್ರಂಥಿಯ ವಿಷಯವನ್ನಷ್ಟೇ. ಹೊಟ್ಟೆಯೊಳಗೆ ಅದಕ್ಕೆ ಗ್ರಂಥಿಯೇ ಇಲ್ಲದಿದ್ದ ಮೊದಲ ತಿಂಗಳುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನನಗೆ ಗೊತ್ತಿತ್ತು. ನಾನೂ ನಕ್ಕೆ.

ಮಗು ಅಳುತ್ತಿರಲಿಲ್ಲ. ಮಲಗಿಸಿದ ಕಡೆ ಮಲಗಿ ಚಾವಣಿ ನೋಡುತ್ತಿತ್ತು. ತಂಗಿಯ ಗಂಡ ಲಿಫ್ಟ್ ರಿಪೇರಿಯವನು, ತಮಾಷೆಯ ಮನುಷ್ಯ. ಮಗುವಿಗೆ ‘ಮಂತ್ರಿ’ ಎಂದು ಹೆಸರಿಟ್ಟ. “ಗಲಾಟೆ ಮಾಡ್ಬೇಡಿ, ಮಂತ್ರಿಗಳು ಯೋಚನೆ ಮಾಡ್ತಿದ್ದಾರೆ” ಎನ್ನುತ್ತಿದ್ದ. ಮಂತ್ರಿಗಳು ಹನ್ನೊಂದು ತಿಂಗಳಿಗೆ ಕೂತರು, ಎರಡು ವರ್ಷ ದಾಟಿದ ಮೇಲೆ ನಡೆದರು. ಎರಡೂವರೆಯಾದರೂ ಒಂದು ಮಾತು ಬರಲಿಲ್ಲ. ತಮಾಷೆ ತಾನಾಗಿ ನಿಂತಿತು, ಹೆಸರು ಮಾತ್ರ ಉಳಿದುಕೊಂಡಿತು.

ಮಕ್ಕಳ ಡಾಕ್ಟರ ಹತ್ತಿರ ತಂಗಿ, ಮಗು, ನಾನು ಮೂವರೂ ಹೋದೆವು. ಆಕೆ ಮಗುವಿನ ಮುಂದೆ ನಾಲ್ಕು ಮರದ ತುಂಡುಗಳನ್ನಿಟ್ಟು ಒಂದರ ಮೇಲೊಂದು ಜೋಡಿಸಿ ತೋರಿಸಿದರು. ಮಂತ್ರಿ ಒಂದನ್ನು ಕೈಗೆತ್ತಿಕೊಂಡು ಸುಮ್ಮನೆ ಹಿಡಿದುಕೊಂಡಳು. ಮುಕ್ಕಾಲು ಗಂಟೆ ಇಂಥವೇ ನಡೆದವು. ತಂಗಿ ಪ್ರತಿ ಸಲವೂ “ಮನೇಲಿ ಮಾಡ್ತಾಳೆ ಡಾಕ್ಟ್ರೇ, ಇಲ್ಲಿ ಹೊಸ ಜಾಗ ಅಲ್ವಾ” ಎನ್ನುತ್ತಿದ್ದಳು. ಮನೆಯಲ್ಲೂ ಮಾಡುತ್ತಿರಲಿಲ್ಲ.

“ಮೊದಲ ಮೂರು ತಿಂಗಳು ಮಗುಗೆ ತನ್ನದೇ ಥೈರಾಯ್ಡ್ ಇರಲ್ಲಮ್ಮ,” ಎಂದರು ಡಾಕ್ಟರು, ಕಡತ ತಿರುವುತ್ತ. “ಮೆದುಳಿನ ಕಣಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರೋ ಹೊತ್ತು ಅದು. ಅದಕ್ಕೆ ಬೇಕಾದ ಹಾರ್ಮೋನೆಲ್ಲ ಅಮ್ಮನಿಂದಾನೇ ಬರಬೇಕು. ನಿಮಗೆ ಏಳನೇ ತಿಂಗಳಲ್ಲಿ ಅರವತ್ನಾಲ್ಕು ಇತ್ತು. ಶುರುವಿನಲ್ಲಿ ನೋಡಿಸಿದ್ರಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಕೈಚೀಲದ ಮೇಲೆ ಹೋಯಿತು.

“ನೋಡಿಸಿದ್ವಿ ಡಾಕ್ಟ್ರೇ,” ಎಂದಳು ತಂಗಿ, ಆ ಮುಕ್ಕಾಲು ಗಂಟೆಯಲ್ಲಿ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ. “ನಮ್ಮಕ್ಕಾನೇ ಮಾಡಿದ್ದು. ಏಳನೇ ವಾರಕ್ಕೆ. ಎರಡು ಪಾಯಿಂಟ್ ಒಂದು.”

“ಹಾಗಾದ್ರೆ ಅದಲ್ಲ ಬಿಡಿ.” ಡಾಕ್ಟರು ಕಡತದಲ್ಲಿ ಏನನ್ನೋ ಹೊಡೆದುಹಾಕಿದರು.

ಹೊರಗೆ ಬಂದ ಮೇಲೆ ತಂಗಿಯನ್ನು ಬೆಂಚಿನ ಮೇಲೆ ಕೂರಿಸಿ, ಕೊಡೆ ಮರೆತೆನೆಂದು ಸುಳ್ಳು ಹೇಳಿ ಒಳಗೆ ಹೋಗಿ ಕೇಳಿದೆ: “ಆ ಸಂಖ್ಯೆ ತಪ್ಪಾಗಿದ್ರೆ? ಈಗ ಗೊತ್ತಾದ್ರೆ ಏನಾದ್ರೂ ಮಾಡಬಹುದಾ?” ಆಕೆ ನನ್ನನ್ನು ಒಂದು ಕ್ಷಣ ನೋಡಿದರು. “ಇಲ್ಲ. ಅದೇ ಕಾರಣ ಅಂತ ಖಚಿತವಾಗಿ ಹೇಳೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಆ ಸಮಯ ಮುಗಿದುಹೋಗಿದೆ. ಮಾತಿನ ತರಬೇತಿ ಕೊಡಿಸಿ, ಬಂದಷ್ಟು ಬರತ್ತೆ.” ಹತ್ತು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾರಣವಿಲ್ಲದೆ ಯಾರೂ ಸುಮ್ಮನಿರುವುದಿಲ್ಲ. ತಂಗಿಯ ಅತ್ತೆ ಒಂದು ಕಾರಣ ಹುಡುಕಿದರು: ಬಸುರಿನಲ್ಲೂ ದಿನವಿಡೀ ನಿಂತು ಕೂದಲಿನ ಬಣ್ಣದ ವಾಸನೆ ಕುಡಿದದ್ದು. “ಬೇಡ ಬೇಡ ಅಂದೆ, ಕೇಳಿದ್ಲಾ?” ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಗಂಡ ಹಾಗೆ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವಳು ನಂಬಿಬಿಟ್ಟಳು. ಹನ್ನೆರಡು ವರ್ಷದ ಅಂಗಡಿಯನ್ನು ಖಾಲಿ ಮಾಡುತ್ತೇನೆ ಎಂದಳು. ಆ ಕೆಲಸವೆಂದರೆ ಅವಳಿಗೆ ಎಷ್ಟು ಪ್ರಾಣವೆಂದು ನನಗೆ ಗೊತ್ತು. ನನ್ನ ತಪ್ಪನ್ನು ಅವಳು ಹೊತ್ತುಕೊಂಡು ತಿರುಗುವುದನ್ನು ನೋಡಲಾಗಲಿಲ್ಲ. ಮುಖಕ್ಕೆ ಉಗಿಯಲಿ, ಜೀವಮಾನವಿಡೀ ಮಾತು ಬಿಡಲಿ, ಆ ಭಾರವನ್ನಾದರೂ ಇಳಿಸುತ್ತೇನೆ ಎಂದುಕೊಂಡು ಖಾಲಿ ಮಾಡುವ ದಿನ ಮಧ್ಯಾಹ್ನ ಹೋದೆ.

ಕುರ್ಚಿಗಳನ್ನು ಗೋಡೆಗೆ ಒತ್ತಿಟ್ಟಿದ್ದಳು. ತೊಟ್ಟಿಯ ಹತ್ತಿರ ನಿಂತು ಬಾಚಣಿಗೆಗಳನ್ನು ಒಂದೊಂದಾಗಿ ಉಜ್ಜಿ ತೊಳೆಯುತ್ತಿದ್ದಳು. ಮಂತ್ರಿ ನೆಲದ ಮೇಲೆ ಕೂತು ಒಂದು ಕ್ಲಿಪ್ಪನ್ನು ತೆರೆಯುವುದು, ಮುಚ್ಚುವುದು ಮಾಡುತ್ತಿದ್ದಳು.

ನಾನು ನಿಂತೇ ಹೇಳಿದೆ. ಬಯೋಟಿನ್, ಅಂಟು, ಅಡ್ಡಗೆರೆ, ಹನ್ನೊಂದನೇ ಪ್ರಶ್ನೆ, ಕಸದ ತೊಟ್ಟಿ, ಒಂದನ್ನೂ ಬಿಡಲಿಲ್ಲ. “ಬಣ್ಣದಿಂದ ಆಗಿದ್ದಲ್ಲ ಕಣೇ. ನಾನು ಕೇಳ್ಬೇಕಿತ್ತು. ಕೇಳಿದ್ರೆ ಅವತ್ತೇ ಗೊತ್ತಾಗ್ತಿತ್ತು, ಅವತ್ತೇ ಮಾತ್ರೆ ಶುರು ಮಾಡ್ತಿದ್ರು. ತಪ್ಪು ನಂದು. ಪೂರ್ತಿ ನಂದು.”

ಅವಳು ನಲ್ಲಿ ನಿಲ್ಲಿಸಿದಳು. ಬೈಗುಳಕ್ಕಾಗಿ ನಾನು ಕಾಯುತ್ತಿದ್ದೆ.

“ಹಾಗಾದ್ರೆ ಕೂದಲಿನ ಮಾತ್ರೆ,” ಎಂದಳು. “ನನ್ನ ಕೂದಲಿಗೋಸ್ಕರ.”

“ಅಲ್ಲ ಕಣೇ, ಮಾತ್ರೆಯಿಂದ ಏನೂ ಆಗಿಲ್ಲ. ನಾನು ಕೇಳಲಿಲ್ಲ ಅದಕ್ಕೆ—”

“ನೀನು ಕೇಳಿದ್ರೂ ನಾನು ಹೇಳ್ತಿರಲಿಲ್ಲ ಅಕ್ಕ. ಕೂದಲಿನ ಮಾತ್ರೇನ ಮಾತ್ರೆ ಅಂತ ಯಾರು ಲೆಕ್ಕಕ್ಕಿಡ್ತಾರೆ? ಚೆನ್ನಾಗಿ ಕಾಣಬೇಕು ಅಂತ ನುಂಗಿದ್ದು. ಬಣ್ಣ ಆದ್ರೂ ಹೊಟ್ಟೆಪಾಡಿಗೆ ಅನ್ನಬಹುದಿತ್ತು.”

“ನನ್ನ ಮಾತು ಕೇಳೇ ಇಲ್ಲಿ. ನನ್ನನ್ನ ಬೈಯೇ.”

ಅವಳು ಕೇಳಿಸಿಕೊಳ್ಳಲಿಲ್ಲ. ಒದ್ದೆ ಕೈಗಳಿಂದ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಸಿಟ್ಟನ್ನು ಹುಡುಕಿದೆ. ಅಲ್ಲಿದ್ದದ್ದು ಹೆದರಿಕೆ.

“ಅದಕ್ಕೇ ಡಬ್ಬಿ ಎಸೆದ್ಯಾ? ನನ್ನನ್ನ ಉಳಿಸೋಕೆ? ಇಷ್ಟು ವರ್ಷ ಒಬ್ಬಳೇ ಹೊಟ್ಟೇಲಿ ಇಟ್ಕೊಂಡಿದ್ಯಾ?” ಎಂದಳು. “ಅವರಿಗೆ ಹೇಳ್ಬೇಡ ಅಕ್ಕ. ಅತ್ತೆಗಂತೂ ಗೊತ್ತಾಗಲೇಬಾರದು. ನಿನ್ನ ಕಾಲಿಗೆ ಬೀಳ್ತೀನಿ. ನನಗೆ ನೀನೊಬ್ಬಳೇ ಇರೋದು.”

ಬಂದದ್ದು ಅವಳ ಭಾರ ಇಳಿಸಲು. ಇಳಿಸಲಿಲ್ಲ, ಕಟ್ಟಿ ಬಿಗಿ ಮಾಡಿದೆ. ಗಟ್ಟಿಯಾಗಿ ಕೂಗಿ ಮತ್ತೊಮ್ಮೆ ಮೊದಲಿನಿಂದ ಹೇಳಬೇಕಿತ್ತು. ಗಂಡನಿಗೆ, ಅತ್ತೆಗೆ, ಡಾಕ್ಟರಿಗೆ ಎಲ್ಲರಿಗೂ ಹೇಳಬೇಕಿತ್ತು. ಅವಳು ನನ್ನ ಹೆಗಲಿಗೆ ಹಣೆಯಿಟ್ಟು, ನಾನು ಅವಳಿಗೆ ಮಾಡಿದ ಉಪಕಾರಕ್ಕಾಗಿ ಅಳುತ್ತಿದ್ದಳು. ನಾನು ಅವಳ ತಲೆ ಸವರುತ್ತ, ಆಯ್ತು, ಯಾರಿಗೂ ಹೇಳಲ್ಲ ಎಂದೆ.